ಎರಡು ತಿಂಗಳಾತ್ರಿ ಅಂದಿದ್ದೆ

ಕಳೆದ ತಿಂಗಳು ಮನೆಗೆ ಕಿರಾಣಿ ತರಲು ವಿಜಯಪುರದ ಗಾಂಧಿ ಚೌಕಿಗೆ ಹೋಗಿದ್ದೆ. ಬೆಲ್ಲ, ಬೇಳೆ, ಶೇಂಗಾ ಎಲ್ಲ ಕಟ್ಟಿಸಿದ ಮೇಲೆ ಅಂಗಡಿಯವನು, "ಹೊಸಾ ಮಾಲ ಬಂದೈತ್ರಿ, ನಿಮ್ಮ ಟಿಕೋಟಾದ್ದ" ಎನ್ನುತ್ತ ಒಣದ್ರಾಕ್ಷಿಯ ಬಾಕ್ಸೊಂದನ್ನು ನನ್ನೆದುರೇ ಒಡೆದ. ಒಳಗಿನ ಪ್ಲಾಸ್ಟಿಕ್ ಹಾಳೆ ಸರಿದ ಕೂಡಲೇ ಗಂಧಕದ ವಾಸನೆ ಬಂತು. ಪಕ್ಕದಲ್ಲಿ ನಿಂತ ಗಿರಾಕಿಗಳಿಗೆ ಅದು ತಿಳಿದಿರಲಿಕ್ಕಿಲ್ಲ. ಹಣ್ಣಿನ ಸಿಹಿಯ ಅಡಿಯಲ್ಲಿ ತೆಳ್ಳಗೆ ಇರುವ ವಾಸನೆ ಅದು, ಆ ಹೊಗೆಯಲ್ಲಿ ಕೆಲಸ ಮಾಡಿದವರ ಮೂಗಿಗೆ ಮಾತ್ರ ಸಿಗುತ್ತದೆ. ಅವನು ಒಂದು ಹಿಡಿ ನನ್ನ ಅಂಗೈಗೆ ಸುರಿದು, "ಬಾಯಾಗ ಹಾಕ್ಕೊಂಡ ನೋಡ್ರಿ ಕಾಕಾ" ಅಂದ. ನನಗೆ ಆಗಲಿಲ್ಲ. ಕೈ ಹಾಗೇ ಹಿಡಿದುಕೊಂಡು ನಿಂತೆ.

"ಸಕ್ರಿ ಬ್ಯಾನಿ ಐತೇನ್ರಿ?" ಎಂದು ಕೇಳಿದ.

ಹ್ಞೂಂ ಅಂದೆ. ಅದೂ ಸುಳ್ಳೇ. ಸಕ್ಕರೆ ಕಾಯಿಲೆ ನನಗಿಲ್ಲ. ನನಗೆ ಬಾಯಿಗೆ ಬೇಗ ಬರುವುದು ಸುಳ್ಳು. ಅಂಥ ಒಂದು ಸುಳ್ಳಿನ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ.

ನಾನು ಏಳನೇ ತರಗತಿಯವರೆಗೆ ಓದಿದವನು. ಟಿಕೋಟಾದ ಆಚೆ, ಹೊಲಗಳ ನಡುವಿನ ನಾಲ್ಕೈದು ಮನೆಗಳ ವಸ್ತಿಯಲ್ಲಿ ನಮ್ಮ ಮನೆ. ಅಪ್ಪ ಬೇಗ ತೀರಿಕೊಂಡ. ಅವ್ವ, ನಾನು, ನನಗಿಂತ ಹನ್ನೊಂದು ವರ್ಷ ಸಣ್ಣವಳಾದ ತಂಗಿ ಕಸ್ತೂರಿ, ಇಷ್ಟೇ ಮನೆ. ಈಗ ನಾನು ತೋಟಗಳಿಗೆ ಹನಿ ನೀರಾವರಿಯ ಪೈಪು ಜೋಡಿಸುವ ಕೆಲಸ ಮಾಡುತ್ತೇನೆ. ಆಗ ಒಣದ್ರಾಕ್ಷಿ ಶೆಡ್ಡೊಂದರಲ್ಲಿ ಆಳುಗಳನ್ನು ನೋಡಿಕೊಳ್ಳುವ ಮುಕಾದಮನಾಗಿದ್ದೆ.

ನಮ್ಮ ಕಡೆ ಶಿವರಾತ್ರಿಯ ಚಳಿ ಇಳಿಯುತ್ತಲೇ ದ್ರಾಕ್ಷಿಯ ಕೊಯ್ಲು ಶುರುವಾಗುತ್ತದೆ. ಅಲ್ಲಿಂದ ಬಿಸಿಲು ಬಲಿಯುವವರೆಗೆ ಶೆಡ್ಡುಗಳಲ್ಲಿ ಯಾರಿಗೂ ಪುರಸೊತ್ತಿಲ್ಲ. ಗೊನೆ ತುಂಬಿದ ಕ್ರೇಟುಗಳನ್ನು ಎಣ್ಣೆ ಮತ್ತು ಪುಡಿ ಕಲಸಿದ ನೀರಿನಲ್ಲಿ ಅದ್ದಿ ತೆಗೆಯಬೇಕು, ಅಂತಸ್ತಿನ ಮೇಲೆ ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವಬೇಕು. ಸುತ್ತಲೂ ಹಸಿರು ಪರದೆ. ಬಿಸಿಗಾಳಿ ಅದರೊಳಗೆ ಹಾಯ್ದು ಹಾಯ್ದು ಹಣ್ಣನ್ನು ಒಣಗಿಸುತ್ತದೆ. ಮೋಡ ಕಂಡರೆ ಸಾವಕಾರನ ಮುಖ ಕಪ್ಪಾಗುತ್ತದೆ. ಬಣ್ಣ ಹೊಂಬಣ್ಣಕ್ಕೆ ತಿರುಗಲೆಂದು ಸಂಜೆ ತಾಡಪತ್ರಿ ಮುಚ್ಚಿ ಒಳಗೆ ಗಂಧಕ ಹೊತ್ತಿಸುತ್ತೇವೆ, ಬೆಳಗ್ಗೆ ಬಿಚ್ಚುತ್ತೇವೆ. ಬಿಚ್ಚುವಾಗ ಗಾಳಿ ಯಾವ ಕಡೆಗಿದೆ ಎಂದು ನೋಡಿಕೊಳ್ಳದಿದ್ದರೆ ಕಣ್ಣು, ಮೂಗು, ಗಂಟಲು ಮೂರೂ ಉರಿಯುತ್ತವೆ.

ಆ ವರ್ಷ ಹೆಣ್ಣಾಳುಗಳು ಸಾಲಲಿಲ್ಲ. ಕಸ್ತೂರಿ ಪಿಯುಸಿ ಎರಡನೇ ವರ್ಷದ ಪರೀಕ್ಷೆ ಬರೆದು ಮನೆಯಲ್ಲಿದ್ದಳು. "ಮನ್ಯಾಗ ಕುಂತ ಏನ ಮಾಡ್ತಿ, ಬಾ" ಎಂದು ಶೆಡ್ಡಿಗೆ ಕರೆದವನು ನಾನೇ. ಬಂದಳು. ಬಂದ ಎರಡೇ ದಿನದಲ್ಲಿ ಎಲ್ಲ ಹೆಂಗಸರ ಬಾಯಲ್ಲೂ ಅವಳದೇ ಹೆಸರು. ಮಾತು ಅಷ್ಟು ಚುರುಕು. ನನಗೆ ಮೂವತ್ತು ಸಮೀಪಿಸಿತ್ತು. ಹೊಲ, ಶೆಡ್ಡು ಎಂದು ದುಡಿಯುವ ಹುಡುಗರಿಗೆ ನಮ್ಮ ಕಡೆ ಈಗ ಹೆಣ್ಣು ಕೊಡುವವರಿಲ್ಲ, ಎಲ್ಲರಿಗೂ ನೌಕರಿಯ ಅಳಿಯ ಬೇಕು. ಬಲೆಯ ಮೇಲೆ ಹಣ್ಣು ಹರವುತ್ತ ಮುದುಕಿಯೊಬ್ಬಳು ನನ್ನನ್ನು ಚುಚ್ಚುತ್ತಿದ್ದಳು.

"ಮುಕಾದಮಾ, ದ್ರಾಕ್ಷಿ ಹದಿನೈದ ದಿನದಾಗ ಒಣಗ್ತಾವು. ನೀ ಹತ್ತ ವರ್ಷದಿಂದ ಒಣಗಾಕತ್ತಿ ನೋಡಪಾ."

ಕಸ್ತೂರಿ ತಲೆ ಎತ್ತದೆ ಹೇಳಿದಳು: "ಒಣಗಲಿ ಬಿಡಾಯಿ. ಹಸಿ ಹಣ್ಣಿಗಿಂತ ಒಣದ್ದಕ್ಕ ರೇಟ್ ಹೆಚ್ಚ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ನಗುವಾಗ ಕಸ್ತೂರಿ ಮಾತ್ರ ನಡುವೆ ನಿಲ್ಲಿಸಬೇಕಾಗುತ್ತಿತ್ತು, ಉಸಿರು ಎಳೆದುಕೊಳ್ಳಲು.

ಅವಳ ಉಸಿರಿಗೆ ಸದ್ದಿತ್ತು. ಸಣ್ಣ ಬಾಯಿಯ ಕೊಡವನ್ನು ನೀರಿನಲ್ಲಿ ಮುಳುಗಿಸಿದಾಗ ಬರುವಂಥ ಸದ್ದು. ಬಿಡುವಾಗ ಅಷ್ಟಿಲ್ಲ, ಎಳೆದುಕೊಳ್ಳುವಾಗ ಹೆಚ್ಚು. ಹುಟ್ಟಿದ ದಿನದಿಂದ ಇತ್ತು. ತೊಟ್ಟಿಲಲ್ಲಿ ಕೂಸು ಮಲಗಿದೆಯೋ ಎದ್ದಿದೆಯೋ ಎಂದು ನೋಡಲು ಯಾರೂ ಹೋಗಬೇಕಾಗಿರಲಿಲ್ಲ, ಪಡಸಾಲೆಗೆ ಕೇಳುತ್ತಿತ್ತು. ಮಲಗಿದರೆ ಕುತ್ತಿಗೆಯನ್ನು ಹಿಂದಕ್ಕೆ ಚೆಲ್ಲಿ ಗದ್ದ ಮೇಲೆ ಮಾಡಿಯೇ ಮಲಗುವುದು. ಖಡಕ್ ರೊಟ್ಟಿ ತಿನ್ನಲಾರಳು, ಸಾರಿನಲ್ಲಿ ನೆನೆಸಿ ಮೆತ್ತಗಾದ ಮೇಲೆ ಗುಬ್ಬಿಯ ಹಾಗೆ ಸಣ್ಣ ಸಣ್ಣ ತುತ್ತು. "ಹಲ್ಲಿದ್ದ ಮುದುಕಿ" ಎಂದು ಅವ್ವ ಬೈಯುತ್ತಿದ್ದಳು. ಚಿಕ್ಕಂದಿನಲ್ಲಿ ತೋರಿಸಿದಾಗ ಬಾಲದಮ್ಮು, ದೊಡ್ಡವಳಾದರೆ ಹೋಗುತ್ತದೆ ಎಂದಿದ್ದರಂತೆ. ದೊಡ್ಡವಳಾದಳು. ಹೋಗಲಿಲ್ಲ. ಆದರೆ ನಮಗೆಲ್ಲ ಆ ಸದ್ದು ಮನೆಯ ಬಾಗಿಲಿನ ಸದ್ದಿನಷ್ಟು ರೂಢಿಯಾಗಿ, ಅದೊಂದು ಕಾಯಿಲೆ ಎಂಬುದೇ ಮರೆತುಹೋಗಿತ್ತು.

ಗಂಧಕದ ಹೊಗೆಗೆ ಅವಳ ಉಸಿರು ಕೆಟ್ಟಿತು. ಬೆಳಗ್ಗೆ ತಾಡಪತ್ರಿ ಬಿಚ್ಚಿ ಬಂದವಳು ಕ್ರೇಟಿನ ಮೇಲೆ ಕೂತು ಎರಡೂ ಕೈ ಮೊಳಕಾಲಿಗೆ ಊರಿ ಬಾಗಿ ಉಸಿರಾಡುವಳು. ನನ್ನ ಕಣ್ಣಿಗೆ ಅದು ಬೀಳುತ್ತಿತ್ತು. "ಮಾರಿಗೆ ವಸ್ತ್ರ ಕಟ್ಟಿಕೋ" ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಬಬಲೇಶ್ವರದ ಹತ್ತಿರದ ಜೈನಾಪುರದಿಂದ ನನಗೊಂದು ಹೆಣ್ಣು ಗೊತ್ತಾಗಿತ್ತು. ರೇಣುಕಾ. ಅವರ ಮನೆಯವರು ನಮ್ಮ ಮನೆಗೂ ಬಂದು ಚಹಾ ಕುಡಿದು, ಹ್ಞೂಂ ಅಂದು ಹೋಗಿದ್ದರು. ಐದಾರು ಕಡೆ ತಿರುಗಿ ಬೇಡವೆನಿಸಿಕೊಂಡವನಿಗೆ ಆ ಹ್ಞೂಂ ಎಷ್ಟು ದೊಡ್ಡದೆಂದು ಅನುಭವಿಸಿದವರಿಗೇ ಗೊತ್ತು. ಮದುವೆ ಬೇಸಿಗೆಯ ಕೊನೆಗೆ ಎಂದು ನಿಶ್ಚಯವಾಗಿತ್ತು.

ಬಬಲೇಶ್ವರದ ಸಂತೆಯ ದಿನ ಮದುವೆಯ ಬಟ್ಟೆ ನೋಡೋಣವೆಂದು ಕಸ್ತೂರಿಯನ್ನು ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಊರು ಬರುವಷ್ಟರಲ್ಲಿ ಅವಳ ತುಟಿ ಬೆಳ್ಳಗಾಗಿತ್ತು, ಮಾತಿಗೆ ಉಸಿರು ಸಾಲದೆ ಕೈಸನ್ನೆ ಮಾಡುತ್ತಿದ್ದಳು. ಇಳಿದ ಕೂಡಲೇ ಸಮೀಪದಲ್ಲಿ ಕಂಡ ದವಾಖಾನೆಗೆ ನುಗ್ಗಿದೆ. ಅಲ್ಲಿ ಚೀಟಿ ಬರೆಯುತ್ತ ಕುಳಿತಿದ್ದ ನರ್ಸಬಾಯಿ ಮುಖ ಎತ್ತಿ ನೋಡಿ ಎದ್ದೇಬಿಟ್ಟಳು.

"ಅಯ್ಯ, ನಮ್ಮ ಅಳಿಯಾಂದ್ರು! ಬರ್ರಿ ಬರ್ರಿ. ಏನಾತ್ರಿ, ಯಾರಿಗೆ ಆರಾಮಿಲ್ಲ?"

ರೇಣುಕಾಳ ಚಿಕ್ಕಮ್ಮ ಶಾರದಕ್ಕ. ಹೆಣ್ಣು ನೋಡಲು ಹೋದಾಗ ನನ್ನ ಕೈಗೆ ಅವಲಕ್ಕಿಯ ತಾಟು ಕೊಟ್ಟವಳು ಅವಳೇ. ಅವಳು ಅಲ್ಲಿ ಕೆಲಸಕ್ಕಿರುವುದು ನನಗೆ ಗೊತ್ತಿರಲಿಲ್ಲ. ನಾನು ಅಂಜಿದೆ. ತಂಗಿಯ ಉಸಿರಿಗಲ್ಲ.

ಡಾಕ್ಟರರು ಕಸ್ತೂರಿಯನ್ನು ಸ್ಟೂಲಿನ ಮೇಲೆ ಕೂರಿಸಿ ಬೆನ್ನಿಗೆ ಯಂತ್ರ ಹಚ್ಚಿ ಬಹಳ ಹೊತ್ತು ಕೇಳಿದರು. ಪಕ್ಕದಲ್ಲೇ ಶಾರದಕ್ಕ ನಿಂತಿದ್ದಳು.

"ಎಷ್ಟ ದಿನದಿಂದ ಹಿಂಗ ಅದ?"

ಕಸ್ತೂರಿಗೆ ಮಾತಾಡುವ ತ್ರಾಣವಿರಲಿಲ್ಲ. ನನ್ನ ಕಡೆ ನೋಡಿದಳು. ಹುಟ್ಟಿದಾಗಿನಿಂದ ಎನ್ನಬೇಕು. ಹುಟ್ಟಿನಿಂದ ಅಂದರೆ ರಕ್ತದಲ್ಲಿ ಇದೆ ಎಂದಾಗುತ್ತದೆ, ಅಣ್ಣನಿಗೂ ಇದ್ದೀತು, ನಾಳೆ ಮಕ್ಕಳಿಗೂ ಬಂದೀತು, ಜೈನಾಪುರದವರು ಕೈ ಮುಗಿದು ಹಿಂದೆ ಸರಿಯುತ್ತಾರೆ. ಇಷ್ಟೂ ಲೆಕ್ಕ ಕಣ್ಣು ಮಿಟುಕಿಸುವುದರೊಳಗೆ ನನ್ನ ತಲೆಯಲ್ಲಿ ಆಯಿತು.

"ಎರಡು ತಿಂಗಳಾತ್ರಿ," ಅಂದೆ. "ಒಣದ್ರಾಕ್ಷಿ ಶೆಡ್ಡಿಗೆ ಬರಾಕತ್ತ ಮ್ಯಾಲ. ಗಂಧಕದ ಹೊಗಿ ಕುಡದಾಳ್ರಿ."

"ಸಣ್ಣಾಕಿದ್ದಾಗ ಏನರ?"

"ಏನೂ ಇಲ್ರಿ. ಗಟ್ಟಿ ಇದ್ಲು."

ಕಸ್ತೂರಿ ನನ್ನ ಮೇಲಿನ ಕಣ್ಣು ತೆಗೆದು ಗೋಡೆಯ ಕಡೆ ನೋಡಿದಳು. ಡಾಕ್ಟರರು ತಲೆ ಅಲ್ಲಾಡಿಸಿದರು. ಹೊಗೆಗೆ ಬಂದ ದಮ್ಮು ಎಂದರು, ಶೆಡ್ಡು ಬಿಡಿಸಿ ಎಂದರು, ಬಾಯಿಗೆ ಹಚ್ಚಿ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ನಾನು ಹೇಳಿದ್ದನ್ನು ನಂಬಿದರೆ ಯಾರಾದರೂ ಹಾಗೇ ಬರೆಯುತ್ತಿದ್ದರು.

ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತಾಗ ಅವಳ ಉಸಿರು ತುಸು ಇಳಿದಿತ್ತು. ಸಂತೆಯ ಗದ್ದಲದ ನಡುವೆ ಕೇಳಿದಳು:

"ಎರಡ ತಿಂಗಳೇನೋ ಯಣ್ಣಾ?"

"ಲಗ್ನ ಆಗೂತನಾ ತಡಿಯಬೇ. ಆಮ್ಯಾಲ ಎಲ್ಲಾ ತೋರಸೂಣು."

"ತಡೀತೀನಿ ತಗೊ. ಇಷ್ಟ ವರ್ಷ ತಡದೀನಿ," ಎಂದು ನಕ್ಕಳು. "ಸೀರಿ ಮಾತ್ರ ನಾ ಹೇಳಿದ್ದ ತಗೀಬೇಕ ಮತ್ತ."

ಅವಳು ಹೇಳಿದ ಸೀರೆಯನ್ನೇ ತೆಗೆದೆ.

ಮರುದಿನದಿಂದ ಅವಳನ್ನು ಶೆಡ್ಡಿಗೆ ಕರೆಯಲಿಲ್ಲ. ಪಂಪನ್ನು ಹೇಳಿದಂತೆ ಹೊತ್ತು ಹೊತ್ತಿಗೆ ಎಳೆದುಕೊಂಡಳು. ಹೊಗೆ ಬಿಟ್ಟದ್ದಕ್ಕೆ ಕೆಮ್ಮು ಕಡಿಮೆಯಾಯಿತು, ಆದರೆ ಆ ಸದ್ದು ಕಡಿಮೆಯಾಗಲಿಲ್ಲ. ಬರಬರುತ್ತ ನೀರಿನ ಕೊಡ ಎತ್ತಿದರೂ ಕೂರುವಂತಾಯಿತು. ಊಟವೂ ಇಳಿಯುತ್ತಿರಲಿಲ್ಲ, ಅಂಬಲಿಯಂತೆ ಕಲಸಿಕೊಂಡು ಕುಡಿಯುತ್ತಿದ್ದಳು. ಪಂಪು ಮುಗಿಯಿತು. ಇನ್ನೊಂದು ಬರೆಸಿಕೊಂಡು ಬರಲು ನಾನೊಬ್ಬನೇ ಬೈಕಿನ ಮೇಲೆ ಬಬಲೇಶ್ವರಕ್ಕೆ ಹೋದೆ.

ಮೊದಲ ಸುಳ್ಳನ್ನು ಹೇಗೋ ಹೇಳಿಕೊಳ್ಳಬಹುದು. ಆ ಹೊತ್ತಿನ ದಿಗಿಲು, ಎದುರಿಗೆ ಬೀಗರು. ಈಗ ಹೇಳುವುದು ಹಾಗಲ್ಲ.

ಅವತ್ತು ಸಂತೆ ಇರಲಿಲ್ಲ, ದವಾಖಾನೆ ಖಾಲಿ. ಶಾರದಕ್ಕ ರಜೆಯ ಮೇಲಿದ್ದಳು. ಡಾಕ್ಟರರು ಫ್ಯಾನಿನ ಕೆಳಗೆ ಪೇಪರ್ ಓದುತ್ತ ಕೂತಿದ್ದರು. ನಾನು ಹೇಳಿದ್ದನ್ನು ಕೇಳಿ ಪೇಪರ್ ಮಡಿಸಿಟ್ಟರು.

"ಪಂಪ್ ಹಿಡಿದಿಲ್ಲಂದ್ರ ನನಗ ಬರೋಬ್ಬರಿ ಕಾಣೂದಿಲ್ಲ. ಅವತ್ತ ಆ ಸೌಂಡ್ ಕೇಳಿದಾಗೂ ಅನಿಸಿತ್ತು. ಉಸರ ಒಳಗ ತಗೊಳೂ ಮುಂದ ಬರ್ತಿತ್ತದು. ನೆನಪ ಮಾಡಿ ಹೇಳ್ರಿ, ಸಣ್ಣ ಕೂಸಿದ್ದಾಗ ಹಿಂಗ ಸೌಂಡ್ ಇತ್ತೇನು?"

"ಇಲ್ರಿ."

"ನಿಮ್ಮ ತಾಯಿಯವರನ್ನ ಕೇಳೀರೇನು?"

"ಕೇಳೇನ್ರಿ. ಇಲ್ಲಂದ್ಲು."

"ಹುಟ್ಟಿನಿಂದ ಇದ್ರ ಬ್ಯಾರೆ ಮಾತ. ಉಸಿರಿನ ನಳಗಿನಾಗ ಏನರ ದೋಷ ಇರ್ತದ. ಹಂಗಿದ್ರ ನಾ ಇವತ್ತ ವಿಜಯಪುರಕ್ಕ ಚೀಟಿ ಬರದ ಕೊಡ್ತಿದ್ದೆ, ಸ್ಕ್ಯಾನ್ ಮಾಡಸ್ರೆಂತ."

ಅವರು ಪೆನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡುತ್ತಿದ್ದರು. ಕೋಣೆಯಲ್ಲಿ ನಾವಿಬ್ಬರೇ. ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ನನಗೆ ಕಂಡದ್ದು ಮಾತ್ರ ಮುಂದಿನದು: ಸ್ಕ್ಯಾನು, ದೊಡ್ಡಾಸ್ಪತ್ರೆ, ಶಾರದಕ್ಕನ ಕಿವಿ, ಜೈನಾಪುರದಿಂದ ಫೋನು. ಮದುವೆಗೆ ಮೂರು ವಾರ ಉಳಿದಿತ್ತು. ಮೂರು ವಾರದಲ್ಲಿ ಏನಾಗಿಬಿಡುತ್ತದೆ, ಹದಿನೆಂಟು ವರ್ಷ ಏನೂ ಆಗಿಲ್ಲ ಎಂದುಕೊಂಡೆ.

"ಇಲ್ರಿ ಸಾಹೇಬರ. ಶೆಡ್ಡಿಗೆ ಬಂದ ಮ್ಯಾಲನ."

ಅವರು ಅರೆಮನಸ್ಸಿನಿಂದ ಇನ್ನೊಂದು ಪಂಪು ಬರೆದರು. ಜೊತೆಗೆ ಬೇರೆ ಗುಳಿಗೆ. ಕಡಿಮೆಯಾಗದಿದ್ದರೆ ಕರೆದುಕೊಂಡೇ ಬರಬೇಕು ಎಂದು ಎರಡು ಸಲ ಹೇಳಿದರು. ನಾನು ಎರಡು ಸಲವೂ ಹ್ಞೂಂ ಅಂದೆ. ಹಿಂದಿರುಗುವಾಗ ದಾರಿಯ ಎರಡೂ ಬದಿ ದ್ರಾಕ್ಷಿ ಕಿತ್ತು ಬರಿದಾದ ತೋಟಗಳು, ಸುಡುವ ಗಾಳಿ. ಒಂದು ಕಡೆ ಗಾಡಿ ನಿಲ್ಲಿಸಿ ಮರಳಿ ಹೋಗಲೇ ಎಂದು ಯೋಚಿಸಿದೆ ಎಂದು ಬರೆದರೆ ಓದುವವರಿಗೆ ನನ್ನ ಬಗ್ಗೆ ಸ್ವಲ್ಪ ಒಳ್ಳೆಯದೆನಿಸೀತು. ನಾನು ಗಾಡಿ ನಿಲ್ಲಿಸಲಿಲ್ಲ. ಮಂಗಳವಾದ್ಯದವರಿಗೆ ಫೋನು ಮಾಡುವುದು ಬಾಕಿ ಇದೆ ಎಂದು ನೆನಪಾಗಿ ಇನ್ನೂ ಜೋರಾಗಿ ಓಡಿಸಿದೆ.

ಮದುವೆ ಜೈನಾಪುರದಲ್ಲಿ ಆಯಿತು. ಅಕ್ಷತೆ ಬಿದ್ದಾಗ ಕಸ್ತೂರಿ ನನ್ನ ಹಿಂದೆಯೇ ನಿಂತಿದ್ದಳು. ಎಲ್ಲ ಮುಗಿದ ಮೇಲೆ ನಮ್ಮಲ್ಲಿ ಭೂಮದ ಊಟ ಎಂದು ಮಾಡುತ್ತಾರೆ. ಮದುಮಕ್ಕಳು ಮತ್ತು ಎರಡೂ ಕಡೆಯ ಹತ್ತಿರದವರು ಒಂದೇ ದೊಡ್ಡ ಪರಾತದ ಸುತ್ತ ಕೂತು ಉಣ್ಣುವುದು. ಒಬ್ಬರ ಬಾಯಿಗೆ ಒಬ್ಬರು ತುರುಕುವುದು, ಕಾಲೆಳೆಯುವುದು, ನಗುವುದು. ವರನ ತಂಗಿಯನ್ನು ಸತಾಯಿಸುವುದರಲ್ಲಿ ಹೆಣ್ಣಿನ ಕಡೆಯವರಿಗೆ ವಿಶೇಷ ಉಮೇದು. ಕಸ್ತೂರಿ ಹೋಳಿಗೆಯ ಅಂಚನ್ನು ಚಿವುಟಿ ಚಿವುಟಿ ಹಾಲಿನಲ್ಲಿ ಅದ್ದಿಕೊಳ್ಳುತ್ತಿದ್ದಳು.

"ಏ ನಾದಿನಿ, ಇದೇನ ಗುಬ್ಬಿ ಊಟಬೇ! ನಮ್ಮ ಮನಿ ಹೋಳಿಗಿ ರುಚಿ ಇಲ್ಲೇನ?" ಎಂದು ರೇಣುಕಾಳ ಅತ್ತಿಗೆ ಒಂದು ಹೋಳಿಗೆಯನ್ನು ನಾಲ್ಕು ಮಡಿಕೆ ಮಾಡಿ ಅವಳ ಬಾಯಿಯ ಹತ್ತಿರ ಹಿಡಿದಳು.

"ಬ್ಯಾಡ್ರಿ ವೈನಿ, ನನಗ ಅಷ್ಟ ದೊಡ್ಡ ತುತ್ತ ಆಗಂಗಿಲ್ಲ."

"ಯಾಕ ಆಗಂಗಿಲ್ಲ? ಏನಾಗೇತಿ ನಿನಗ?"

ಆ ಪ್ರಶ್ನೆ ನಗುವಿನಲ್ಲಿ ಕೇಳಿದ್ದು. ಕಸ್ತೂರಿ ನನ್ನ ಕಡೆ ನೋಡಿದಳು, ದವಾಖಾನೆಯಲ್ಲಿ ನೋಡಿದ ಹಾಗೆಯೇ. ಗಂಟಲಲ್ಲಿ ತೊಂದರೆ ಇದೆ, ಬೇಡ ಎಂದು ನಾನು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಾಳಿ ಕಟ್ಟಿಯಾಗಿತ್ತು. ಆದರೂ ನಾನು ಹಲ್ಲು ಬಿಟ್ಟು, "ತಿನ್ನ ಕಸ್ತೂರಿ, ಏನ ನಾಚತಿ" ಅಂದೆ.

ತಿಂದಳು. ಎರಡು ಸಲ ಅಗಿದಳು, ನುಂಗಿದಳು. ನಗುತ್ತಿದ್ದ ಮುಖ ಹಾಗೇ ನಿಂತಿತು. ಸದ್ದು ನಿಂತಿತು. ಹುಟ್ಟಿದಾಗಿನಿಂದ ಒಂದು ದಿನವೂ ನಿಲ್ಲದ ಆ ಉಸಿರಿನ ಸದ್ದು ಇಲ್ಲವೆಂಬುದು ಇಡೀ ಚಪ್ಪರದಲ್ಲಿ ಅವ್ವನಿಗೆ ಮತ್ತು ನನಗೆ ಮಾತ್ರ ತಿಳಿಯಿತು. ಅವ್ವ ದೂರದಿಂದ ಚೀರಿದಳು. ಶಾರದಕ್ಕ ಹಾರಿ ಬಂದು ಕಸ್ತೂರಿಯನ್ನು ಬಗ್ಗಿಸಿ ಬೆನ್ನಿಗೆ ಗುದ್ದಿದಳು, ಬಾಯಿಗೆ ಬೆರಳು ಹಾಕಿದಳು. ಒಂದಿಷ್ಟು ಬಂತು, ಒಂದಿಷ್ಟು ಒಳಗೇ ಉಳಿಯಿತು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮದುವೆಗೆ ಬಂದ ಜೀಪಿನಲ್ಲೇ ಹಾಕಿಕೊಂಡು ವಿಜಯಪುರಕ್ಕೆ ಹೊರಟೆವು. ಅವಳ ತಲೆ ಶಾರದಕ್ಕನ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಅರಿಶಿಣ ಹತ್ತಿದ ನನ್ನ ಧೋತರದ ಮೇಲೆ ಅವಳ ಹಿಮ್ಮಡಿಗಳು ಬಡಿದುಕೊಳ್ಳುತ್ತಿದ್ದವು. ಆ ದಾರಿ ಅವತ್ತು ಮುಗಿಯಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಗೆ ಇಳಿಸಿ ಜೀವ ಉಳಿಸಿದರು. ಹೊರಗೆ ಬಂದ ಡಾಕ್ಟರಮ್ಮ, ಇದು ಎಷ್ಟು ದಿನದಿಂದ ಇದೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು:

"ಹುಟ್ಟಿದಾಗಿಂದ ಐತ್ರಿ ಯವ್ವಾ. ತೊಟ್ಟಲದಾಗಿಂದ."

"ಮತ್ತ ಎರಡ ತಿಂಗಳದ ದಮ್ಮಂತ ಔಷಧ ನಡದದ ಅಂದ್ರು ಇವರು?"

"ಬಬಲೇಶ್ವರದ ಡಾಕ್ಟರ್ ಕೊಟ್ಟಾನ್ರಿ. ಏನ ಕಲತಾನೋ ಏನೋ, ಅವನ ಕೈ ಸೇದಿ ಹೋಗಲಿ."

ಶಾರದಕ್ಕ ನೆಲ ನೋಡಿದಳು. ನಾನೂ ನೆಲ ನೋಡಿದೆ. ಅವ್ವ ಇವತ್ತಿಗೂ ಆ ಡಾಕ್ಟರರಿಗೆ ಶಾಪ ಹಾಕುತ್ತಾಳೆ. ಆ ಶಾಪ ಯಾರಿಗೆ ತಟ್ಟಬೇಕೋ ಅವನು ಅವಳ ಪಕ್ಕದಲ್ಲೇ ಕೂತು ಉಣ್ಣುತ್ತಾನೆ.

ಸ್ಕ್ಯಾನಿನಲ್ಲಿ ಎಲ್ಲವೂ ಕಂಡಿತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಎಲ್ಲರಿಗೂ ಒಂದೇ ಕಡೆಗೆ ಬಾಗಿ ಕೆಳಗಿಳಿಯುತ್ತದಂತೆ. ಕಸ್ತೂರಿಗೆ ಅದು ಹೊಟ್ಟೆಯಲ್ಲಿದ್ದಾಗಲೇ ಎರಡಾಗಿ ಒಡೆದು, ಉಸಿರಿನ ನಳಿಗೆ ಮತ್ತು ಅನ್ನದ ನಳಿಗೆ ಎರಡನ್ನೂ ಸುತ್ತಿ ಮತ್ತೆ ಕೂಡಿತ್ತು. ಡಾಕ್ಟರಮ್ಮ ಎರಡು ಬೆರಳುಗಳಿಂದ ಉಂಗುರ ಮಾಡಿ ತಮ್ಮ ಪೆನ್ನನ್ನು ಅದರೊಳಗೆ ಹಿಡಿದು ಒತ್ತಿ ತೋರಿಸಿದರು. "ಇದು ದಮ್ಮಲ್ಲ. ಬಹಳ ಅಪರೂಪಕ್ಕ ಬರೂದು. ದಮ್ಮಿನ ಔಷಧ ಇದಕ್ಕ ನಾಟೂದಿಲ್ಲ. ಇದನ್ನ ಕತ್ತರಿಸಿ ಬಿಡಿಸಬೇಕು." ಇದು ನಮ್ಮ ವಂಶದಲ್ಲಿ ಹರಿದು ಬಂದದ್ದೇನೂ ಅಲ್ಲ ಎಂದೂ ಹೇಳಿದರು. ನಾನು ಕೇಳಿರಲಿಲ್ಲ, ತಾವಾಗಿಯೇ ಹೇಳಿದರು.

ಆಪರೇಶನ್ ಬೆಂಗಳೂರಿನಲ್ಲಿ ಆಯಿತು. ಅದಕ್ಕೆ ಮುಂಚೆ, ಎದೆಗೆ ಇಳಿದ ಹೋಳಿಗೆಯ ಚೂರಿನಿಂದ ಕಫ ಕೀವಾಗಿ ಅವಳು ಬಹಳ ದಿನ ನಳಿಗೆಯ ಮೇಲೆಯೇ ಇರಬೇಕಾಯಿತು. ರಕ್ತನಾಳದ ಬಿಗಿತ ಬಿಡಿಸಿದರು, ಉಸಿರು ಹಗುರವಾಯಿತು. ಆದರೆ ನಳಿಗೆ ಇದ್ದಷ್ಟು ದಿನ ಗಂಟಲಿನೊಳಗೆ ಗಾಯವಾಗಿ ಅವಳ ದನಿ ಹೋಯಿತು. ಪೂರ್ತಿ ಅಲ್ಲ. ಒಡೆದ ದನಿ, ನಾಲ್ಕು ಮಾತಿಗೆ ಮುಗಿದುಹೋಗುತ್ತದೆ. ಇನ್ನು ಇಷ್ಟೇ ಎಂದಿದ್ದಾರೆ. ಉಸಿರು ಕಟ್ಟುವ ಮೊದಲೇ ಬಂದಿದ್ದರೆ ಅಷ್ಟು ದಿನ ನಳಿಗೆ ಹಾಕುವ ಪಾಳಿಯೇ ಬರುತ್ತಿರಲಿಲ್ಲ ಎಂದು ಅಲ್ಲಿಯವರು ಅಂದಾಗ ಕಸ್ತೂರಿ ನನ್ನ ಕೈ ಅದುಮಿ, ಬಿಡು ಎಂಬಂತೆ ತಲೆ ಅಲ್ಲಾಡಿಸಿದಳು. ಶೆಡ್ಡಿಗೆ ಶೆಡ್ಡನ್ನೇ ನಗಿಸಿದ ಹುಡುಗಿ.

ಮದುವೆಯಾದ ವರ್ಷದ ಮಳೆಗಾಲದಲ್ಲಿ ಒಂದು ದಿನ ರೇಣುಕಾಳಿಗೆ ಮೊದಲ ಸುಳ್ಳಿನ ವಿಷಯ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಅಂದಳು:

"ನಮಗ ಗೊತ್ತಿದ್ದಿಲ್ಲಂತ ತಿಳದೀರೇನು? ನಿಮ್ಮ ಮನಿಗೆ ಬಂದಾಗನ ನಮ್ಮವ್ವ ಕೇಳಿಸಿಕೊಂಡಿದ್ಲು. ಶಾರದಾ ಚಿಗವ್ವನೂ ಅವತ್ತ ಮನಿಗೆ ಬಂದು ಅಂದ್ಲು, ಇದು ಎರಡ ತಿಂಗಳದ್ದಲ್ಲ, ಸಣ್ಣಂದಿನ ದಮ್ಮದು, ಪಾಪ ಹುಡುಗ ಅಂಜಿ ಸುಳ್ಳ ಹೇಳ್ತಾನಂತ. ನಮ್ಮಪ್ಪ ಏನಂದ ಗೊತ್ತೇನು? ದಮ್ಮ ಯಾರ ಮನ್ಯಾಗಿಲ್ಲ, ಹುಡುಗ ಕುಡಿಯಂಗಿಲ್ಲ, ಅಷ್ಟ ಸಾಕ."

"ಮತ್ತ ಶಾರದಕ್ಕ ಡಾಕ್ಟರ್ ಮುಂದ ಯಾಕ ಹೇಳಲಿಲ್ಲ?"

"ಅಳಿಯನ ಮರ್ಯಾದಿ ಯಾಕ ತಗೀಬೇಕಂತ ಸುಮ್ಮ ಆದ್ಲು. ಎರಡ ತಿಂಗಳಿರಲಿ, ಇಪ್ಪತ್ತ ವರ್ಷಿರಲಿ, ದಮ್ಮಿಗೆ ಔಷಧ ಒಂದ ಅಲ್ಲೇನಂತ ತಿಳದಿದ್ಲು. ಆಕಿಗೇನ ಗೊತ್ತ, ಅದರಾಗ ಫರಕ ಐತೆಂತ?"

ಯಾರಿಗೂ ಗೊತ್ತಿರಲಿಲ್ಲ. ಆ ಫರಕು ಡಾಕ್ಟರರ ಬಾಯಿಂದ ನೇರವಾಗಿ ಕೇಳಿದವನು ನಾನೊಬ್ಬನೇ. ನನ್ನ ಸುಳ್ಳು ಬೀಗರಿಗೆ ಮೋಸ ಮಾಡಲಿಲ್ಲ. ಅದನ್ನು ನಂಬಿದ್ದು ಯಾರು ನಂಬಬಾರದಿತ್ತೋ ಅವರು. ಎರಡನೆಯ ಸಲದ್ದನ್ನು ರೇಣುಕಾಳಿಗೆ ಅವತ್ತು ಹೇಳಲಿಲ್ಲ. ಮುಂದಿನ ಸುಗ್ಗಿಗೆ ಶೆಡ್ಡಿಗೆ ಹೋಗಲಿಲ್ಲ, ಅಷ್ಟೇ ಮಾಡಿದ್ದು.

ಗಾಂಧಿ ಚೌಕಿನ ಅಂಗಡಿಯಿಂದ ಕಿರಾಣಿಯ ಚೀಲ ಹೊತ್ತು ಸೀದಾ ಕಸ್ತೂರಿಯ ಕೋಣೆಗೆ ಹೋದೆ. ಒಂದು ವರ್ಷ ಹಿಂದೆ ಬಿದ್ದರೂ ಡಿಗ್ರಿಗೆ ಸೇರಿದ್ದಾಳೆ, ವಿಜಯಪುರದಲ್ಲೇ ಇಬ್ಬರು ಗೆಳತಿಯರ ಜೊತೆ ಇದ್ದಾಳೆ. ಅವರಿಬ್ಬರೂ ಹೊರಗೆ ಹೋಗಿದ್ದರು. ಚಹಾ ಮಾಡಿಕೊಟ್ಟಳು. ನನ್ನ ಮುಖ ನೋಡಿ, "ಯಾಕೋ ಯಣ್ಣಾ, ರೇಣಕ್ಕ ಬೈದ್ಲೇನ?" ಎಂದು ಆ ಒಡೆದ ದನಿಯಲ್ಲಿ ಕೇಳಿದಳು. ನಾನು ಬಬಲೇಶ್ವರದ ಮಾತು ತೆಗೆದೆ. ಅವಳಿಗೆ ನಗು ಬಂತು.

"ಇನ್ನೂ ಅದನ್ನ ಹಿಡಕೊಂಡ ಕುಂತಿಯೇನ? ನಾನೂ ಅಲ್ಲೇ ಇದ್ನೆಲ್ಲೋ. ನಿನ್ನ ಲಗ್ನ ಆಗಲೆಂತ ನಾನೂ ಸುಮ್ಮ ಕುಂತ್ನಿ. ಅರ್ಧಾ ತಪ್ಪ ನಂದು, ಅರ್ಧಾ ನಿಂದು. ಚಾ ಕುಡಿ, ಆರ್ತೈತಿ."

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಅವಳ ಲೆಕ್ಕದಲ್ಲಿ ನನಗೆ ಅರ್ಧ ಮಾಫಿ ಆಗಿತ್ತು. ಅದನ್ನು ಇಟ್ಟುಕೊಂಡು ಬಸ್ಸು ಹತ್ತಲು ಮನಸ್ಸಾಗಲಿಲ್ಲ. ನೆಲ ನೋಡುತ್ತ, ಪಂಪು ತರಲು ಒಬ್ಬನೇ ಹೋದ ದಿನದ ಮಾತನ್ನೆಲ್ಲ ಹೇಳಿದೆ. ಮುಗಿದ ಮೇಲೆ ಕೇಳಿದಳು:

"ಶಾರದಕ್ಕ ಅವತ್ತ ಇದ್ಲೇನು?"

"ಇಲ್ಲ."

"ಸ್ಕ್ಯಾನ್ ಮಾಡಸಬೇಕಾಗ್ತೈತಿ ಅಂತ ಬಾಯಿ ಬಿಟ್ಟ ಹೇಳಿದ್ರು ಅವರು?"

"ಹ್ಞೂಂ."

ಅವಳು ನನ್ನ ಕೈಯಿಂದ ಲೋಟ ತೆಗೆದುಕೊಂಡಳು. ಅರ್ಧ ಚಹಾ ಉಳಿದಿತ್ತು. ಬಚ್ಚಲಿಗೆ ಚೆಲ್ಲಿ, ನನ್ನ ಕಡೆ ಬೆನ್ನು ಮಾಡಿ ಲೋಟ ತೊಳೆಯುತ್ತ ಹೇಳಿದಳು:

"ಅವತ್ತ ಸಂಜಿಗೆ ನಾ ಕೇಳಿದ್ನಿ ನಿನ್ನ. ಡಾಕ್ಟರ್ ಏನಂದ್ರೋ ಅಂತ. ಚಾಲೂ ಇಡಂದಾರ, ಏನ ಅಂಜಬ್ಯಾಡಂದಾರ ಅಂದಿ. ನನ್ನ ತಲಿ ಮ್ಯಾಲ ಕೈ ಇಟ್ಟ ಅಂದಿ."

ನಾನು ಅದನ್ನು ಮರೆತೇಬಿಟ್ಟಿದ್ದೆ. ಅವಳಿಗೆ ನೆನಪಿತ್ತು, ಇಷ್ಟು ದಿನ ಅಕ್ಕರೆಯ ಮಾತೆಂದು ನೆನಪಿಟ್ಟುಕೊಂಡಿದ್ದಳು.

ಲೋಟವನ್ನು ಗೂಡಿನಲ್ಲಿ ಬೋರಲು ಹಾಕಿದಳು. ಆಮೇಲೆ, "ಟಿಕೋಟಾ ಬಸ್ಸಿಗೆ ಹೊತ್ತಾತು" ಅಂದಳು. ನಾನು ಯಾವಾಗ ಹೋದರೂ ಬಸ್‌ಸ್ಟ್ಯಾಂಡಿನವರೆಗೆ ಚೀಲದ ಒಂದು ಕಿವಿ ಹಿಡಿದು ಬರುವವಳು, ಅವತ್ತು ಬಾಗಿಲವರೆಗೂ ಬರಲಿಲ್ಲ. ಮನೆ ಸೇರಿ ರೇಣುಕಾಳಿಗೂ ಎಲ್ಲ ಹೇಳಿದೆ. ಅವಳು ಊಟಕ್ಕೆ ನೀಡಿದಳು.

ಕಸ್ತೂರಿ ವಾರಕ್ಕೆ ಎರಡು ಸಲ ಅವ್ವನಿಗೆ ಫೋನು ಮಾಡುತ್ತಾಳೆ. ಅವ್ವನಿಗೆ ಕಿವಿ ಮಂದ, ಕಸ್ತೂರಿಯ ದನಿಯೂ ಸಣ್ಣದು, ಹಾಗಾಗಿ ಫೋನನ್ನು ಜೋರು ಮಾಡಿ ತೊಡೆಯ ಮೇಲೆ ಇಟ್ಟುಕೊಂಡು ಮಾತಾಡುತ್ತಾಳೆ. ನಾನು ಪಡಸಾಲೆಯ ಕಂಬಕ್ಕೆ ಒರಗಿ ಕೂತಿರುತ್ತೇನೆ. ಎಮ್ಮೆ ಕರು ಹಾಕಿತೇ ಎಂದು ಕೇಳುತ್ತಾಳೆ. ನನ್ನ ಮಗಳ ಹಲ್ಲಿನ ವಿಷಯ ಕೇಳುತ್ತಾಳೆ, ರೇಣುಕಾಳನ್ನು ಕರೆಸಿ ಅವಳ ಜೊತೆ ಏನೋ ಹೇಳಿ ನಗುತ್ತಾಳೆ. ಮೊನ್ನೆ ಅವ್ವನಿಗೆ ಏನನ್ನಿಸಿತೋ, ಮಾತು ಮುಗಿಯುವ ಹೊತ್ತಿಗೆ ಫೋನನ್ನು ನನ್ನ ಕಡೆ ಚಾಚಿದಳು.

"ನಿಮ್ಮಣ್ಣ ಇಲ್ಲೇ ಕುಂತಾನ ನೋಡ. ಕೊಡ್ಲೇನ?"

ನಾನು ಕೈ ಚಾಚಿದೆ.

"ಇರಲಿ ಬಿಡಬೇ," ಅಂದಳು ಕಸ್ತೂರಿ. "ಚೊಲೋ ಅದಾನಿಲ್ಲ?"

"ಅದಾನ" ಅಂದಳು ಅವ್ವ.

ನಾನು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.